ಮುಂದೇನೆಂದು ನನಗೂ ಗೊತ್ತಿರಲಿಲ್ಲ

ನಮ್ಮ ಅತ್ತೆ ಬಿದ್ದದ್ದು ಹಾಡಹಗಲಿನಲ್ಲಿ, ಒಣ ನೆಲದ ಮೇಲೆ, ನಡುಮನೆಯಲ್ಲಿ. ಬಚ್ಚಲಲ್ಲಿ ಜಾರಬಾರದೆಂದು ನಮ್ಮ ಮನೆಯವರು ಒರಟು ಟೈಲ್ಸ್ ಹಾಕಿಸಿ, ಗೋಡೆಗೆ ಸ್ಟೀಲಿನ ಕಂಬಿ ಕೂರಿಸಿದ್ದರು. ಅಲ್ಲಿ ಅವರು ಒಮ್ಮೆಯೂ ಜಾರಲಿಲ್ಲ. ಲಿಂಗಪೂಜೆ ಮುಗಿಸಿ ಏಳುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತು, ಕೂತಂತೆಯೇ ಬಿದ್ದರು. ತೊಡೆಯ ಮೇಲ್ಭಾಗದ ಮೂಳೆ ಮುರಿದಿತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಮೂಳೆ ಸವೆದಿದೆ, ಬೇಗ ಕಾಲೂರಿಸಿದರೆ ಒಳಗೆ ಹಾಕಿದ ರಾಡು ಅಲುಗಾಡುತ್ತದೆ, ನಾವು ಹೇಳುವವರೆಗೆ ಮಲಗಿರಲಿ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆ ಮಂಚವೊಂದನ್ನು ಬಾಡಿಗೆಗೆ ತಂದು ನಡುಮನೆಯ ಕಿಟಕಿಗೆ ಹೊಂದಿಸಿ ಹಾಕಿದೆವು.

ನಾನು ಕತೆ ಬರೆಯಲು ಕಲಿತದ್ದು ಆ ಮಂಚದ ಪಕ್ಕದಲ್ಲಿ. ಆದ್ದರಿಂದ ಅಲ್ಲಿಂದಲೇ ಹೇಳಬೇಕು.

ಶಿಕಾರಿಪುರದ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮದೊಂದು ದಲಾಲಿ ಅಂಗಡಿ ಇದೆ. ರೈತರು ತರುವ ಮೆಕ್ಕೆಜೋಳ, ಭತ್ತವನ್ನು ಹರಾಜಿಗಿಟ್ಟು ಮಾರಿಸಿಕೊಡುವ ವ್ಯವಹಾರ. ಮಾವನವರ ಕಾಲದ್ದು, ಈಗ ನಮ್ಮ ಮನೆಯವರು ನಡೆಸುತ್ತಾರೆ. ಮಾವನವರು ಹೋಗಿ ಬಹಳ ವರ್ಷವಾಯಿತು. ನಮ್ಮ ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಇರುತ್ತಿದ್ದವರು ಅತ್ತೆ ಮತ್ತು ನಾನು ಇಬ್ಬರೇ.

ನಾವಿಬ್ಬರೂ ಜಗಳವಾಡಿದವರಲ್ಲ. ಮಾತಾಡಿದವರೂ ಅಲ್ಲ. ಮಾತೆಂದರೆ ಏನು ಪಲ್ಯ, ಹಾಲು ಬಂತೇ, ಗ್ಯಾಸು ಯಾವಾಗ ಬುಕ್ ಮಾಡಬೇಕು, ಇಷ್ಟೆ. ನಾನು ಸೊರಬ ತಾಲೂಕಿನ ಕುಪ್ಪಗಡ್ಡೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಮಾತುಮಾತಿಗೆ ‘ಎಂತ’ ಅನ್ನುತ್ತಿದ್ದೆ. ಅತ್ತೆ ಅದನ್ನು ಹಾಗೆಯೇ ಅಂದು ತೋರಿಸಿ ಬಂದವರೆದುರಿಗೆ ನಗುತ್ತಿದ್ದರು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೂ ಆಮೇಲೆ ನಾನು ಅವರೆದುರು ಮಾತು ಕಡಿಮೆ ಮಾಡಿದೆ, ಅದೇ ರೂಢಿಯಾಯಿತು.

ಕತೆ ಬರೆಯುವ ಹುಚ್ಚು ನನಗೆ ಕಾಲೇಜಿನಲ್ಲೇ ಹಿಡಿದಿತ್ತು. ಸೊರಬದಲ್ಲಿ ಬಿ.ಎ. ಓದುವಾಗ ಒಂದು ಕಮ್ಮಟಕ್ಕೆ ಹೋಗಿದ್ದೆ. ಅಲ್ಲಿ ಕಲಿಸಲು ಬಂದವರು, ಮನೆ ಕಟ್ಟುವ ಮೊದಲು ನಕ್ಷೆ ಹಾಕಿಸುವುದಿಲ್ಲವೇ, ಕತೆಗೂ ಹಾಗೆಯೇ ಎಂದರು. ಎಲ್ಲಿ ಶುರು, ಎಲ್ಲಿ ತಿರುವು, ಎಲ್ಲಿ ಕೊನೆ, ಯಾರು ಯಾರಿಗೆ ಏನಾಗಬೇಕು, ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಳ್ಳಿ ಎಂದು ಹೇಳಿಕೊಟ್ಟರು. ಅವರು ಹೇಳಿದ್ದು ಅವರಿಗೆ ಸರಿಯಾಗಿಯೇ ಇದ್ದಿರಬೇಕು, ಅವರ ಪುಸ್ತಕಗಳು ಚೆನ್ನಾಗಿದ್ದವು. ನಾನೂ ಹಾಗೆಯೇ ಮಾಡಿದೆ. ನಕ್ಷೆ ಹಾಕುವಾಗ ಬಹಳ ಖುಷಿಯಾಗುತ್ತಿತ್ತು. ನಕ್ಷೆ ಮುಗಿಸಿ ಬರೆಯಲು ಕೂತರೆ ಎರಡು ಪುಟಕ್ಕೆ ಕೈ ಸೋಲುತ್ತಿತ್ತು. ಎಲ್ಲಿಗೆ ಹೋಗುತ್ತೇನೆಂದು ಪೂರ್ತಿ ಗೊತ್ತಾದ ಮೇಲೆ ನಡೆಯುವ ಕೆಲಸ ಒಂದೇ ಉಳಿಯುತ್ತಿತ್ತು, ಅದಕ್ಕೆ ಮನಸ್ಸು ಬರುತ್ತಿರಲಿಲ್ಲ. ಮದುವೆಯಾದ ಮೇಲೂ ಆಗಾಗ ಇದೇ ನಡೆಯಿತು. ನಕ್ಷೆಗಳು ಉಳಿದವು, ಕತೆಗಳು ಆಗಲಿಲ್ಲ. ನನಗೆ ಬರೆಯಲು ಬರುವುದಿಲ್ಲ ಎಂದು ತೀರ್ಮಾನ ಮಾಡಿ ಸುಮ್ಮನಾಗಿದ್ದೆ.

ಅತ್ತೆಗೆ ಒಂದು ವಾರಪತ್ರಿಕೆಯ ಧಾರಾವಾಹಿ ಓದುವ ಅಭ್ಯಾಸವಿತ್ತು. ಟಿ.ವಿ. ಅವರಿಗೆ ಆಗುತ್ತಿರಲಿಲ್ಲ. ಅದರಲ್ಲಿ ಎಲ್ಲರೂ ಬಾಗಿಲಲ್ಲೇ ನಿಂತು ಮಾತಾಡುತ್ತಾರೆ, ಯಾರೂ ಕೂತು ಉಣ್ಣುವುದಿಲ್ಲ ಎನ್ನುತ್ತಿದ್ದರು. ಮಲಗಿದ ಮೇಲೆ ಪತ್ರಿಕೆಯನ್ನು ಎತ್ತಿ ಹಿಡಿದು ಓದಲು ಕೈ ನೋಯುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ನಾನು ಓದಿ ಹೇಳತೊಡಗಿದೆ. ಅಕ್ಕತಂಗಿಯರಿಬ್ಬರ ಕತೆ. ಒಂದು ವಾರದ ಕಂತನ್ನು ಎರಡು ಮೂರು ದಿನಕ್ಕೆ ಹಂಚಿ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಒಂದು ವಾರ ಪತ್ರಿಕೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ವಿಚಾರಿಸಿದರೆ, ಅದು ನಿಂತೇ ಹೋಯಿತು, ಇನ್ನು ಬರುವುದಿಲ್ಲ ಎಂದರು. ಕತೆಯಲ್ಲಿ ತಂಗಿ ಆಗಷ್ಟೇ ಅಕ್ಕನ ಮನೆಯ ಮೆಟ್ಟಿಲು ಹತ್ತಿದ್ದಳು. ಅತ್ತೆ ಬೆಳಿಗ್ಗೆಯಿಂದಲೇ ಅವಳು ಒಳಗೆ ಹೋಗಿ ಏನು ಹೇಳಬಹುದು ಎಂದು ಯೋಚಿಸುತ್ತಿದ್ದರು. ಪತ್ರಿಕೆ ನಿಂತಿದೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಅಷ್ಟು ಉದ್ದದ ಮಧ್ಯಾಹ್ನಗಳನ್ನು ಏನು ಮಾಡುವುದು ಎಂಬ ಹೆದರಿಕೆಯೂ ಇತ್ತು. ಹಳೆಯ ಸಂಚಿಕೆಯೊಂದನ್ನು ಬಿಡಿಸಿ ಹಿಡಿದುಕೊಂಡು ಓದುವವಳ ಹಾಗೆ ಮುಂದಿನದನ್ನು ನಾನೇ ಹೇಳಿದೆ. ತಂಗಿ ಒಳಗೆ ಹೋದಳು, ಅಕ್ಕ ನೀರು ಕೊಟ್ಟಳು, ಹೀಗೆ. ಮರುದಿನವೂ ಹೇಳಿದೆ. ಅದರ ಮರುದಿನ ಹೇಳುತ್ತಿದ್ದಾಗ ಅತ್ತೆ ಕಣ್ಣು ತೆರೆಯದೆಯೇ ಮಾತಾಡಿದರು.

“ಹಾಳಿ ಮಗುಚಿ ಹಾಕೋದು ಮರ್ತಿ.”

ನಾನು ಪತ್ರಿಕೆ ಮಡಿಚಿಟ್ಟೆ. ಪತ್ರಿಕೆ ನಿಂತ ಸಂಗತಿ ಅವರಿಗೆ ಮೊದಲ ದಿನವೇ ಪಕ್ಕದ ಮನೆಯವರಿಂದ ಗೊತ್ತಾಗಿತ್ತಂತೆ. ನಾನು ಎಷ್ಟು ದೂರ ಹೋಗುತ್ತೇನೆ ನೋಡೋಣ ಎಂದು ಸುಮ್ಮನಿದ್ದರಂತೆ. ಬೈಯಲಿಲ್ಲ. ಅದು ಬೇರೆಯವರ ಕತೆ, ಅವರ ಮನಸ್ಸಿನಲ್ಲಿ ಏನಿತ್ತೋ ನಮಗೇನು ಗೊತ್ತು, ಅದಕ್ಕೆ ಕೈ ಹಾಕಬೇಡ ಎಂದರು. “ನಿಂದೇ ಒಂದು ಹೇಳು” ಎಂದರು.

ನನ್ನಲ್ಲಿ ಯಾವ ಕತೆಯೂ ಇರಲಿಲ್ಲ. ತವರಿಗೆ ಹೋಗುವಾಗ ಆನವಟ್ಟಿಯಲ್ಲಿ ಇಳಿದು ಬಸ್ ಬದಲಿಸಬೇಕು, ಆ ಜಾಗ ಕಣ್ಣಮುಂದೆ ಬಂತು. ಬಾಯಿಗೆ ಬಂದದ್ದನ್ನು ಹೇಳಿದೆ. ಆನವಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಮಕ್ಕಳನ್ನು ಕರೆದುಕೊಂಡು ಬಸ್ಸಿನಿಂದ ಇಳಿದಳು, ಅವಳ ಕಂಕುಳಲ್ಲಿ ಗೋಣಿಚೀಲದಲ್ಲಿ ಸುತ್ತಿದ ಹೊಲಿಗೆ ಮಷೀನಿನ ತಲೆ ಇತ್ತು ಎಂದೆ. ಹೊಲಿಗೆ ಮಷೀನು ಯಾಕೆ ಬಂತೋ ಇವತ್ತಿಗೂ ತಿಳಿಯದು.

ಅತ್ತೆ ಕಣ್ಣು ತೆರೆದರು. “ಬರೀ ತಲಿಯೇನು? ಕಾಲು ಎಲ್ಲಿ ಬಿಟ್ಟಳು?”

ಕಾಲಿನಿಂದ ತುಳಿಯುವ ಮಷೀನಿನಲ್ಲಿ ಹೊಲಿಯುವ ಭಾಗವನ್ನು ಎತ್ತಿ ತೆಗೆಯಬಹುದು. ಕೆಳಗಿನ ಕಬ್ಬಿಣದ ಕಾಲು, ತುಳಿಯುವ ಹಲಗೆ, ಮೇಲಿನ ಟೇಬಲ್ಲು ಬೇರೆಯೇ ಇರುತ್ತವೆ. ಅವಿಲ್ಲದೆ ತಲೆಯೊಂದರಿಂದ ಕೆಲಸವಾಗದು. ನಾನು ಅದನ್ನು ಯೋಚಿಸಿರಲಿಲ್ಲ. ಗೊತ್ತಿಲ್ಲ ಎಂದೆ. ಹಾಗಾದರೆ ನಾಳೆ ಹೊತ್ತಿಗೆ ಗೊತ್ತು ಮಾಡಿಕೊಂಡು ಬಾ ಎಂದು ಹೇಳಿ ಅವರು ಗೋಡೆಯ ಕಡೆ ಮುಖ ಮಾಡಿದರು.

ಮರುದಿನ ರೊಟ್ಟಿ ತಟ್ಟುವಾಗೆಲ್ಲ ನನ್ನ ತಲೆಯಲ್ಲಿ ಇದೇ ತಿರುಗುತ್ತಿತ್ತು. ಕಾಲು ಬಸ್ಸಿಗೆ ಹಿಡಿಯುತ್ತಿರಲಿಲ್ಲ, ನಿಜ. ಆದರೆ ಊರು ಬಿಟ್ಟು ಹೋಗುವವಳು ಸಾಮಾನಿನ ಗಾಡಿಯೊಂದನ್ನು ಹಿಡಿಯಬಹುದಿತ್ತಲ್ಲ. ಹಿಡಿಯಲಿಲ್ಲವೆಂದರೆ ಅವಳು ಯಾರಿಗೂ ಹೇಳದೆ ಹೊರಟಿದ್ದಾಳೆ. ಎತ್ತಿಕೊಂಡು ಓಡಬಹುದಾದಷ್ಟನ್ನು ಮಾತ್ರ ಎತ್ತಿಕೊಂಡಿದ್ದಾಳೆ. ಅಲ್ಲಿಗೆ ಅವಳಿಗೊಬ್ಬ ಗಂಡ ಬಂದ, ಒಂದು ಮನೆ ಬಂತು. ಮಧ್ಯಾಹ್ನ ಅಷ್ಟನ್ನು ಹೇಳಿದೆ. ಅತ್ತೆ ತಲೆಯಾಡಿಸಿದರು.

ಹೀಗೆ ದಿನವೂ ನಡೆಯಿತು. ಅವಳು ಸಂತೆ ಬೀದಿಯಲ್ಲಿ ಒಂದು ಮುಚ್ಚಿದ ಅಂಗಡಿಯ ಮುಂದಿನ ಜಗಲಿ ಹಿಡಿದಳು. ಟೀ ಅಂಗಡಿಯವನೊಬ್ಬ ಟೊಮೆಟೊ ಪೆಟ್ಟಿಗೆ ಕೊಟ್ಟ, ಅದನ್ನು ಕವುಚಿ ಹಾಕಿ ಮಷೀನು ಕೂರಿಸಿದಳು. ಗಾಲಿಗೆ ಒಂದು ಹಿಡಿ ಹಾಕಿಸಿ ಕೈಯಿಂದ ತಿರುಗಿಸತೊಡಗಿದಳು. ಪುಟ್ಟ ಮಗಳು ಪಕ್ಕದಲ್ಲಿ ಕೂತು ಚಿಂದಿ ಆರಿಸುತ್ತಿದ್ದಳು. ಇಷ್ಟು ಹೇಳುವಷ್ಟರಲ್ಲಿ ಅತ್ತೆ ಕೈ ಎತ್ತಿ ನಿಲ್ಲಿಸಿದರು. ಮೊದಲ ದಿನ ಮಕ್ಕಳು ಎಂದಿದ್ದೆ, ಈಗ ಒಂದೇ ಮಗು ಕಾಣುತ್ತಿದೆ, ಇನ್ನೊಂದು ಎಲ್ಲಿ ಎಂದು ಕೇಳಿದರು.

ಬಾಯಿತಪ್ಪಿ ಬಂದ ಮಾತು ಅದು. ಬರೆಯುವುದಾಗಿದ್ದರೆ ಹಿಂದಕ್ಕೆ ಹೋಗಿ ‘ಮಗಳನ್ನು’ ಎಂದು ತಿದ್ದಿಬಿಡುತ್ತಿದ್ದೆ. ಅತ್ತೆಯ ಕಿವಿಗೆ ಬಿದ್ದದ್ದನ್ನು ತಿದ್ದುವಂತಿರಲಿಲ್ಲ. ನಾನು ತಪ್ಪಿ ಹೇಳಿದೆ ಎಂದರೂ ಅವರು ಒಪ್ಪಲಿಲ್ಲ. ಬಸ್ಸಿನಿಂದ ಇಳಿದದ್ದು ಇಳಿದದ್ದೇ ಎಂದರು. ಆ ಸಂಜೆ ಪಾತ್ರೆ ತೊಳೆಯುತ್ತ ಯೋಚಿಸಿ ಮರುದಿನ ಹೇಳಿದೆ: ದೊಡ್ಡ ಮಗಳು ಇಳಿದದ್ದು ನಿಜ. ಅಮ್ಮ ಟೀ ಅಂಗಡಿಯಲ್ಲಿ ನೀರು ಕೇಳುತ್ತಿದ್ದಾಗ ಅವಳು ಅದೇ ಬಸ್ಸು ಹತ್ತಿ ವಾಪಸು ಹೋದಳು. ಅವಳಿಗೆ ತನ್ನ ಶಾಲೆ ಬಿಡಲು ಇಷ್ಟವಿರಲಿಲ್ಲ.

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೂ ಒಂಥರಾ ಆಯಿತು. ನಾನು ಹುಡುಕಿ ಕಂಡುಕೊಂಡದ್ದಲ್ಲ ಅದು, ಎಡವಿ ಕಂಡದ್ದು. ಆದರೆ ಆವತ್ತಿನಿಂದ ಇಡೀ ಕತೆ ಆ ದೊಡ್ಡ ಮಗಳ ಸುತ್ತಲೇ ತಿರುಗಿತು. ನಕ್ಷೆ ಹಾಕಿದ್ದರೆ ಅವಳು ಹುಟ್ಟುತ್ತಲೇ ಇರಲಿಲ್ಲ.

ಇಷ್ಟರಲ್ಲಿ ನಮ್ಮ ಮನೆಯವರು ಮಧ್ಯಾಹ್ನದ ಊಟಕ್ಕೆ ಬಂದವರು ಬೇಗ ಅಂಗಡಿಗೆ ಹೊರಡುವುದನ್ನು ಬಿಟ್ಟಿದ್ದರು. ಕೋಣೆಯಲ್ಲಿ ಸ್ವಲ್ಪ ಅಡ್ಡಾಗುತ್ತೇನೆ ಎನ್ನುತ್ತಿದ್ದರು, ಬಾಗಿಲು ಮಾತ್ರ ಹಾಕುತ್ತಿರಲಿಲ್ಲ. ಒಂದು ದಿನ ಊಟ ಬಡಿಸುತ್ತಿದ್ದಾಗ, ಆ ಟೀ ಅಂಗಡಿಯವನಿಗೆ ಮದುವೆ ಆಗಿದೆಯೋ ಇಲ್ಲವೋ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅತ್ತೆ ಮಂಚದಿಂದಲೇ, ಅದು ನಿನಗೆ ಬೇಡ, ನೀನು ಊಟ ಮಾಡು ಎಂದರು. ಟೀ ಅಂಗಡಿಯವನ ಮೇಲೆ ಅತ್ತೆಗೆ ಬಹಳ ವಿಶ್ವಾಸವಿತ್ತು. ನಾನು ಅವನನ್ನು ಒಂದು ಪೆಟ್ಟಿಗೆ ಕೊಡಿಸುವುದಕ್ಕಾಗಿ ಮಾತ್ರ ತಂದಿದ್ದೆ. ಅವರು ದಿನವೂ ಅವನನ್ನು ವಿಚಾರಿಸಿ ವಿಚಾರಿಸಿ ಅವನೂ ಬೆಳೆದ.

ಒಂದು ಮಧ್ಯಾಹ್ನ, ಯಾಕೆಂದು ತಿಳಿಯದೆಯೇ, ಆ ಹೆಂಗಸಿನ ಗಂಡನನ್ನು ಕರೆತಂದೆ. ಲಗೇಜ್ ಆಟೋ ಬಂದು ಜಗಲಿಯ ಮುಂದೆ ನಿಂತಿತು. ಗಂಡ ಇಳಿದ, ದೊಡ್ಡ ಮಗಳು ಇಳಿದಳು. ಆಟೋದ ಹಿಂದೆ ಹೊಲಿಗೆ ಮಷೀನಿನ ಕಾಲು ಇತ್ತು.

ಮುಂದೆ ಹೇಳಲು ಬಾಯಿ ತೆರೆದೆ. ಅತ್ತೆ ಬೇಡ ಎಂದರು. “ಇವತ್ತಿಗೆ ಸಾಕು. ಅವ ಅಲ್ಲೇ ನಿಂತಿರ್ಲಿ.”

ನನ್ನ ಮನಸ್ಸಿನಲ್ಲಿ ಆಗ ಒಂದು ಕೊನೆ ಮೂಡಿತ್ತು. ಅವನು ತಪ್ಪಾಯಿತು ಎನ್ನುತ್ತಾನೆ, ಕಾಲಿನ ಮೇಲೆ ತಲೆ ಕೂರಿಸುತ್ತಾರೆ, ಎಲ್ಲರೂ ಅದೇ ಆಟೋದಲ್ಲಿ ಊರಿಗೆ ಹೋಗುತ್ತಾರೆ. ಚೆನ್ನಾಗಿದೆ ಅನ್ನಿಸಿತ್ತು. ಮರುದಿನ ಅದನ್ನೇ ಹೇಳಬೇಕೆಂದು ಸ್ಟೂಲು ಎಳೆದುಕೊಂಡು ಕೂತೆ. ಆದರೆ ಆವತ್ತು ಮೊದಲು ಮಾತಾಡಿದವರು ಅತ್ತೆ.

ಮದುವೆಯಾದ ಹೊಸತರಲ್ಲಿ ತಾನೂ ಒಮ್ಮೆ ಈ ಮನೆ ಬಿಟ್ಟು ಹೋಗಿದ್ದೆ ಎಂದರು. ಅವರ ತವರು ಹೊನ್ನಾಳಿಯ ಕಡೆ. ಏನು ಕಾರಣ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೆಳಗಿನ ಕೆಲಸ ಮುಗಿಸಿ, ಉಟ್ಟ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋಗಿ ಕಲ್ಲು ಬೆಂಚಿನ ಮೇಲೆ ಕೂತರಂತೆ. ಹೊನ್ನಾಳಿಯ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಸಂಜೆ ಎದ್ದು ಮನೆಗೆ ಬಂದರು. ಗುಡಿಯಲ್ಲಿ ಕೂತಿದ್ದಾಳೆ ಎಂದು ಮನೆಯವರೆಲ್ಲ ತಿಳಿದುಕೊಂಡಿದ್ದರು. ಯಾರೂ ಕೇಳಲಿಲ್ಲ. ಅವರು ಒಲೆ ಹಚ್ಚಿದರು.

ಇದನ್ನು ಅವರು ನನ್ನ ಕತೆಗೆ ಸಂಬಂಧಪಟ್ಟ ಒಂದು ವಿವರವನ್ನು ಹೇಳುವ ಹಾಗೆ, ಸಹಜವಾಗಿ ಹೇಳಿದರು. ಆಮೇಲೆ ಕಾರಣ ಕೊಟ್ಟರು.

“ಬರಿಗೈಲಿ ಹೋದಾಕಿ ಸಂಜಿಗೆ ತಿರುಗಿ ಬರ್ತಾಳೆ. ಈಕಿ ಮಷೀನ್ ತಲಿ ಹೊತ್ತಾಳೆ. ಈಕಿ ತಿರುಗಿ ಹೋಗಂಗಿಲ್ಲ.”

ನನ್ನ ಬಾಯಲ್ಲಿದ್ದ ಕೊನೆ ಅಲ್ಲೇ ಬಿತ್ತು. ಅವರು ಹೇಳಿದ್ದು ಸರಿ ಎಂದು ಕೇಳಿದ ಕೂಡಲೇ ಗೊತ್ತಾಯಿತು. ಆವತ್ತು ನಾನು ಕತೆ ಹೇಳಲಿಲ್ಲ. ಎದ್ದು ಹೋಗಿ ಟೀ ಮಾಡಿ ತಂದೆ, ಅವರ ತಲೆದಿಂಬು ಎತ್ತರಿಸಿ ಕುಡಿಸಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅವರನ್ನು ಒಂದು ಮಾತು ಕೇಳಿರಲಿಲ್ಲವಲ್ಲ ಅನ್ನಿಸಿತು. ಅವರೂ ನನ್ನನ್ನು ಕೇಳಿರಲಿಲ್ಲ.

ಮುಂದಿನ ದಿನಗಳಲ್ಲಿ ಕತೆ ತನ್ನ ದಾರಿ ಹಿಡಿಯಿತು. ಗಂಡ ಕಾಲನ್ನು ಇಳಿಸಿದ. ಹೆಂಡತಿ ಅವನಿಗೆ ಟೀ ತರಿಸಿಕೊಟ್ಟಳು. ದೊಡ್ಡ ಮಗಳು ಅಮ್ಮನ ಹತ್ತಿರ ಇರಬೇಕೆಂದು ಹಟ ಹಿಡಿದು ಅವನನ್ನು ಕರೆತಂದಿದ್ದಳು, ಅವನಿಗೆ ಅದನ್ನು ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ. ಅವನು ಟೀ ಕುಡಿದು, ಮಷೀನಿನ ಬೆಲ್ಟು ಹೊಸದು ಹಾಕಿಸು ಎಂದು ಹೇಳಿ, ಖಾಲಿ ಆಟೋದಲ್ಲಿ ಹೋದ. ಅಲ್ಲಿಗೆ ನಿಲ್ಲಿಸಿದೆ. ಅತ್ತೆ, ಅವನೂ ಅಂಥಾ ಕೆಟ್ಟವನಲ್ಲ ಎಂದರು.

ಡಾಕ್ಟರು ಅಪ್ಪಣೆ ಕೊಟ್ಟ ಮೇಲೆ ಅತ್ತೆ ವಾಕರ್ ಹಿಡಿದು ನಿಲ್ಲತೊಡಗಿದರು. ವ್ಯಾಯಾಮ ಮಾಡಿಸಲು ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಸ್ವಲ್ಪ ದಿನಕ್ಕೆ ಹೊರಗಿನ ಜಗಲಿವರೆಗೆ ಹೋಗಿ ಕೂರಲು ಶುರು ಮಾಡಿದರು. ಅಕ್ಕಪಕ್ಕದವರು ಬಂದು ಸೇರುತ್ತಿದ್ದರು. ಮಧ್ಯಾಹ್ನಗಳು ನನಗೆ ಖಾಲಿಯಾದವು. ಕತೆಯನ್ನು ಬರೆದಿಡೋಣ ಎಂದು ಕೂತೆ.

ಕತೆಯೆಲ್ಲ ಗೊತ್ತಿತ್ತಲ್ಲ, ಹಳೆಯ ಅಭ್ಯಾಸದಂತೆ ಅಧ್ಯಾಯ ಅಧ್ಯಾಯವಾಗಿ ಹಂಚಿಕೊಂಡೆ. ಒಂದನೆಯದರಲ್ಲಿ ಬಸ್ಸು, ಎರಡನೆಯದರಲ್ಲಿ ಜಗಲಿ, ಹೀಗೆ. ಬರೆದದ್ದನ್ನು ಓದಿದರೆ ಪಂಚನಾಮೆ ಬರೆದ ಹಾಗಿತ್ತು. ಹೆಂಗಸು ಇಳಿದಳು, ಪೆಟ್ಟಿಗೆ ಪಡೆದಳು, ಮಷೀನು ಇಟ್ಟಳು. ಯಾರೂ ಉಸಿರಾಡುತ್ತಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಬಸ್ಸು ನಿಂತದ್ದೊಂದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದವಳ ಹಾಗೆ ಮತ್ತೆ ಶುರು ಮಾಡಿದೆ. ಒಂದು ಸಾಲು ಬರೆದು, ಈಗ ಇವಳು ಏನು ಮಾಡುತ್ತಾಳೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಅತ್ತೆ ಕೇಳುತ್ತಿದ್ದಂತೆಯೇ ಕೇಳುತ್ತಿದ್ದೆ: ಚಪ್ಪಲಿ ಇತ್ತೋ, ಹೊಟ್ಟೆಗೆ ಏನು ತಿಂದಳು, ಮಗು ಎಲ್ಲಿ ಮಲಗಿತು. ಉತ್ತರ ಹೊಳೆಯದಿದ್ದರೆ ಎದ್ದು ಮನೆಗೆಲಸಕ್ಕೆ ಹೋಗುತ್ತಿದ್ದೆ. ಉತ್ತರ ಬಂದ ಮೇಲೆ ಮಾತ್ರ ಕೂರುತ್ತಿದ್ದೆ.

ಹಾಗೆ ಬರೆಯತೊಡಗಿದ ಮೇಲೆ ಕತೆ ನಾನು ಹೇಳಿದ ಕತೆಯಾಗಿ ಉಳಿಯಲಿಲ್ಲ. ಮುಖ್ಯವಾಗಿ ಟೀ ಅಂಗಡಿಯವನು ಪೆಟ್ಟಿಗೆ ಕೊಡಲಿಲ್ಲ. ಆ ಹೆಂಗಸು ಆವತ್ತು ಬೆಳಿಗ್ಗೆ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ತರಕಾರಿ ಅಂಗಡಿಯ ಹಿಂದೆ ಬಿಸಾಡಿದ್ದ ಪೆಟ್ಟಿಗೆಯನ್ನು ತಾನೇ ಹೋಗಿ ಎತ್ತಿಕೊಂಡಳು. ಟೀ ಅಂಗಡಿಯವನು ದೂರದಿಂದ ನೋಡಿದ, ಅಷ್ಟೆ. ಎಷ್ಟು ಪ್ರಯತ್ನಿಸಿದರೂ ಅವನು ಎದ್ದು ಬರಲೇ ಇಲ್ಲ.

ಬರೆದಷ್ಟನ್ನು ಅತ್ತೆಗೆ ಓದಿ ಹೇಳಿದೆ. ಆ ಭಾಗ ಬಂದಾಗ ಅವರ ಮುಖ ಬಿಗಿಯಾಯಿತು.

“ಪಾಪದ ಮನುಷ್ಯನ ಕೈಯಾಗಿನ ಪೆಟ್ಟಿಗಿ ಕಸ್ಕೊಂಡಿ,” ಎಂದರು.

ಬರೆಯುವಾಗ ಹಾಗೆ ಆಗಲಿಲ್ಲ ಅತ್ತೆ ಎಂದು ವಿವರಿಸಲು ಹೋದೆ. ಆಗಲಿಲ್ಲ ಎಂದರೇನು ಅರ್ಥ, ಆಗಿ ಹೋಗಿದೆಯಲ್ಲ, ನಾನೇ ಕೇಳಿದ್ದೇನೆ ಎಂದರು. ಕತೆಯ ಮಾತು ಹೋಗಲಿ, ನನ್ನೊಂದಿಗೆ ಬೇರೆ ಮಾತನ್ನೂ ಬಿಟ್ಟರು. ನಾಲ್ಕು ದಿನವೋ ಐದು ದಿನವೋ, ಊಟಕ್ಕೆ ಕರೆದರೆ ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ನನಗೂ ಸಿಟ್ಟಿತ್ತು. ಬರೆಯುವವಳು ನಾನು, ಇಷ್ಟಕ್ಕೂ ಇವರ ಅಪ್ಪಣೆ ಯಾಕೆ ಬೇಕು ಎಂದುಕೊಂಡೆ. ನಮ್ಮ ಮನೆಯವರು ಇಬ್ಬರ ಮುಖವನ್ನೂ ನೋಡಿ ನೋಡಿ ಕೊನೆಗೆ ಒಂದು ದಿನ ಕೇಳಿದರು.

“ಇಲ್ಲದ ಮನುಷ್ಯನ ಸಲುವಾಗಿ ಮನೆಯಾಗ ಮಾತು ಬಿಟ್ಟೀರೇನು?”

ಅತ್ತೆ ವಾಕರ್ ಹಿಡಿದು ಜಗಲಿಗೆ ಹೋದರು, ನಾನು ಅಡಿಗೆಮನೆಗೆ ಹೋದೆ.

ಅದೇ ಸಮಯಕ್ಕೆ ಕುಪ್ಪಗಡ್ಡೆಯಲ್ಲಿ ಅಣ್ಣನ ಮನೆಯಲ್ಲಿ ಭತ್ತದ ಕಟಾವಿತ್ತು. ಅತ್ತಿಗೆಗೆ ಹುಷಾರಿರಲಿಲ್ಲ, ಕೆಲಸದವರಿಗೆ ಅಡಿಗೆ ಮಾಡಿ ಹಾಕಲು ಒಬ್ಬರು ಬೇಕಿತ್ತು. ಅತ್ತೆಯನ್ನು ನೋಡಿಕೊಳ್ಳಲು ವ್ಯಾಯಾಮದ ಹೆಣ್ಣುಮಗಳಿಗೂ ಪಕ್ಕದ ಮನೆಯವರಿಗೂ ಹೇಳಿ ನಾನು ಹೊರಟೆ. ಆನವಟ್ಟಿಯಲ್ಲಿ ಇಳಿದಾಗ ಮುಂದಿನ ಬಸ್ಸಿಗೆ ಹೊತ್ತಿತ್ತು, ಸಂತೆ ಬೀದಿಯ ಕಡೆ ನಡೆದೆ. ಅಷ್ಟು ದಿನ ನಾನು ಹೇಳಿದ, ಬರೆದ ಬೀದಿ ಅದು. ನಾನು ಹೇಳಿದ ಜಾಗದಲ್ಲಿ ಜಗಲಿಯೇ ಇರಲಿಲ್ಲ. ಮೊಬೈಲ್ ಅಂಗಡಿ, ಗೊಬ್ಬರದ ಅಂಗಡಿ, ಒಂದು ಬೇಕರಿ ಇದ್ದವು. ಬರೆದದ್ದನ್ನು ಬದಲಿಸಬೇಕೋ ಎಂದು ನಿಂತು ಯೋಚಿಸಿದೆ. ಬೇಡ ಅನ್ನಿಸಿತು. ಬೇಕರಿಯಲ್ಲಿ ಅಣ್ಣನ ಮಕ್ಕಳಿಗೆ ಖಾರ ಬಿಸ್ಕತ್ತು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ತವರಲ್ಲಿ ಬರೆಯಲು ಬಿಡುವಾಗಲಿಲ್ಲ. ಗದ್ದೆಗೆ ಬುತ್ತಿ ಹೊತ್ತುಕೊಂಡು ಹೋಗಿ ಬರುವಾಗ ಅತ್ತೆಯ ಮಾತನ್ನು ಯೋಚಿಸುತ್ತಿದ್ದೆ. ನಾನು ಮಧ್ಯಾಹ್ನಗಳಲ್ಲಿ ಹೇಳಿದ್ದನ್ನು ಅವರು ನಡೆದ ಸಂಗತಿಯಂತೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅಲುಗಾಡಲಾಗದೆ ಮಲಗಿದ್ದಾಗ ಆ ಟೀ ಅಂಗಡಿಯವನು ಅವರಿಗೆ ಜೊತೆಯಾಗಿದ್ದ. ಅವನನ್ನು ಪುಸ್ತಕದಿಂದ ತೆಗೆಯುವ ಅಧಿಕಾರ ನನಗಿತ್ತು. ಅವರ ಮನಸ್ಸಿನಿಂದ ತೆಗೆಯುವ ಅಧಿಕಾರ ಇರಲಿಲ್ಲ. ಇದನ್ನು ಅವರಿಗೆ ಹೇಗೆ ಹೇಳಬೇಕೆಂದು ಗೊತ್ತಾಗದೆ ವಾಪಸು ಬಂದೆ.

ಹೇಳುವ ಕೆಲಸ ಬೀಳಲಿಲ್ಲ. ಬಾಗಿಲು ತೆರೆದವರು ಅತ್ತೆಯೇ, ವಾಕರ್ ಹಿಡಿದುಕೊಂಡು. ಅತ್ತಿಗೆ ಹೇಗಿದ್ದಾಳೆ, ಭತ್ತ ಎಷ್ಟು ಬಂತು ಎಂದು ವಿಚಾರಿಸಿದರು. ನಾನು ಕೈಕಾಲು ತೊಳೆದು ಬಂದ ಮೇಲೆ, ಪೆಟ್ಟಿಗೆ ಏನಾಯಿತು ಎಂದು ಕೇಳಿದರು. ಅವಳೇ ಎತ್ತಿಕೊಂಡಳು ಅತ್ತೆ, ನನ್ನ ಕೈಲಿ ಬೇರೆ ಥರ ಆಗುತ್ತಿಲ್ಲ ಎಂದೆ. ಅವರು ತಲೆಯಾಡಿಸಿದರು.

“ನಿನ್ನ ಪುಸ್ತಕದಾಗ ನೀ ಹೆಂಗ ಬೇಕಾದ್ರೂ ಬರಿ. ನನಗ ಹೇಳಿದ್ದು ನಂದು.”

ಆ ಮಾತಿನ ಮೇಲೆ ಅವರು ಮತ್ತೆ ಕೇಳಲು ಕೂತರು. ನಾನು ದಿನವೂ ಬರೆದಷ್ಟನ್ನು ಓದಿದೆ. ಇಷ್ಟವಾಗದ ಕಡೆ ಲೊಚಗುಟ್ಟುತ್ತಿದ್ದರು, ಆದರೆ ತಡೆಯುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬಂದ ಅವರ ಸಂಗತಿಯನ್ನು ಎಲ್ಲಾದರೂ ಬರೆಯಬಹುದೇ ಎಂದು ಒಮ್ಮೆ ಕೇಳಿದೆ. ಬರೆದರೆ ಬರಿ, ಹೆಸರು ಹಾಕಬೇಡ ಎಂದರು. ಮಗ ಸಿಟ್ಟಾಗುತ್ತಾನೆಂಬ ಹೆದರಿಕೆಯೇ ಎಂದು ಕೇಳಿದೆ. ಅದಲ್ಲ, ಗೊತ್ತಾದರೆ ಅವನು ಇಷ್ಟು ವರ್ಷದ ಮೇಲೆ ಸುಮ್ಮನೆ ಬೇಜಾರು ಮಾಡಿಕೊಳ್ಳುತ್ತಾನೆ ಎಂದರು. ಕೊನೆಗೆ ಅವರೇ ಒಂದು ದಿನ ಊಟದ ಹೊತ್ತಿನಲ್ಲಿ ಮಗನಿಗೆ ಹೇಳಿಬಿಟ್ಟರು. ನಮ್ಮ ಮನೆಯವರು ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಆವತ್ತು ಅಂಗಡಿಗೆ ತಡವಾಗಿ ಹೋದರು.

ಬರೆದು ಮುಗಿದದ್ದು ಕಾದಂಬರಿಯಷ್ಟಾಯಿತು. ಶಿವಮೊಗ್ಗದ ಚಿಕ್ಕ ಪ್ರಕಾಶಕರೊಬ್ಬರು ಅಚ್ಚು ಹಾಕಿದರು. ದೊಡ್ಡ ಹೆಸರೇನೂ ಬರಲಿಲ್ಲ. ಓದಿದವರು ಕೆಲವರು ಫೋನ್ ಮಾಡಿದರು. ಪ್ರಕಾಶಕರು, ಮುಂದಿನದರ ಸಾರಾಂಶ ಒಂದು ಪುಟದಲ್ಲಿ ಬರೆದು ಕಳಿಸಿರಿ, ನೋಡೋಣ ಎಂದರು. ಬರೆಯದೆ ನನಗೆ ಗೊತ್ತಾಗುವುದಿಲ್ಲ ಸಾರ್, ಪೂರ್ತಿ ಬರೆದು ಆಮೇಲೆ ಸಾರಾಂಶ ಕಳಿಸುತ್ತೇನೆ ಎಂದೆ. ಅವರು ನಕ್ಕರು, ಆಗಲಿ ಎಂದರು. ಇಲ್ಲಿಯ ಕಾಲೇಜಿನಲ್ಲಿ ಮಕ್ಕಳೆದುರು ಮಾತಾಡಲು ಕರೆದಿದ್ದರು. ಯೋಜನೆ ಇಲ್ಲದೆ ಬರೆಯಬಹುದೇ ಎಂದು ಒಬ್ಬಳು ಹುಡುಗಿ ಕೇಳಿದಳು. ನನಗೆ ಹಾಗೆ ಮಾತ್ರ ಬರುತ್ತದೆ, ಬೇರೆಯವರಿಗೆ ಬೇರೆ ಥರ ಬರಬಹುದು, ಆದರೆ ಗೊತ್ತಿಲ್ಲ ಎಂದರೆ ಎದ್ದು ಹೋಗದೆ ನಾಳೆ ಬರುತ್ತೇನೆ ಎನ್ನುವ ಕೇಳುಗರೊಬ್ಬರು ಬೇಕು ಎಂದೆ. ಹಾಗೆ ಬರೆದಾಗ ಎಷ್ಟೋ ಪುಟ ದಂಡವಾಗುತ್ತವೆ ಎಂಬುದನ್ನೂ ಹೇಳಿದೆ. ಅದು ಸುಳ್ಳಲ್ಲ. ಎರಡನೆಯ ಕಾದಂಬರಿಯಲ್ಲಿ ಒಬ್ಬ ಮನುಷ್ಯನ ಹಿಂದೆ ಇಡೀ ಮಳೆಗಾಲ ಹೋಗಿ, ಅವನು ಎಲ್ಲೂ ತಲುಪದೆ, ಅಷ್ಟನ್ನೂ ಬಿಡಬೇಕಾಯಿತು. ಅತ್ತೆಗೂ ಅವನು ಹಿಡಿಸಿರಲಿಲ್ಲ. ಸೊಸೈಟಿ ಮೀಟಿಂಗಿನಲ್ಲಿ ಮಾತಾಡುವವನ ಹಾಗಿದ್ದಾನೆ ಎಂದಿದ್ದರು.

ಅತ್ತೆ ಈಗ ಕೋಲು ಹಿಡಿದು ನಡೆಯುತ್ತಾರೆ. ಸಂಜೆ ಜಗಲಿಯ ಮೇಲೆ ಹೆಂಗಸರು ಸೇರಿದಾಗ ಆ ಹೊಲಿಗೆ ಮಷೀನಿನ ಕತೆಯನ್ನು ಹೇಳುತ್ತಾರೆ. ಅವರ ಕತೆಯಲ್ಲಿ ಟೀ ಅಂಗಡಿಯವನು ಪೆಟ್ಟಿಗೆ ಕೊಡುತ್ತಾನೆ. ಈಚೀಚೆಗೆ ಮಷೀನಿನ ಮೇಲೆ ಬಿಸಿಲು ಬೀಳಬಾರದೆಂದು ಟಾರ್ಪಾಲನ್ನೂ ಕಟ್ಟಿಕೊಡುತ್ತಿದ್ದಾನೆ. ಅದನ್ನು ನಾನು ಎಂದೂ ಹೇಳಿರಲಿಲ್ಲ. ಮೊನ್ನೆ ನಾನು ಒಳಗೆ ಸೊಪ್ಪು ಬಿಡಿಸುತ್ತಿದ್ದೆ. ಪಕ್ಕದ ಮನೆಯಾಕೆ ಪುಸ್ತಕ ಓದಿದವರು. ಅವರು ನಡುವೆ ತಡೆದು, ಪುಸ್ತಕದಲ್ಲಿ ಹಾಗಿಲ್ಲವಲ್ಲ ಅಮ್ಮಾರೆ, ಪೆಟ್ಟಿಗೆಯನ್ನು ಅವಳೇ ಎತ್ತಿಕೊಳ್ಳುತ್ತಾಳಲ್ಲ ಎಂದರು.

“ಬರಿಯುವಾಗ ನಮ್ಮಾಕಿ ಸ್ವಲ್ಪ ತಪ್ಪು ಬರದಾಳೆ,” ಎಂದು ಅತ್ತೆ ಹೇಳಿ, ಟಾರ್ಪಾಲು ಕಟ್ಟುವುದನ್ನು ಮುಂದುವರಿಸಿದರು.